ಟಿವಿಯಲ್ಲಿ ತೆಗೆದ ಅಳತೆ

ನನ್ನ ತಂಗಿ ದಿನವೂ ಮಧ್ಯಾಹ್ನ ಮೂರೂವರೆಗೆ ನನ್ನ ಅಂಗಡಿಯ ಹಿಂದಿನ ಕೋಣೆಗೆ ಕಾಫಿ ತರುತ್ತಿದ್ದಳು. ನನಗಲ್ಲ, ಟಿವಿಯೊಳಗಿನ ದೊಡ್ಡ ಮನೆಯ ಯಜಮಾನಿಗೆ. ಊರಿನಲ್ಲಿ ರಾತ್ರಿ ಎಂಟಕ್ಕೆ ಬರುವ ಧಾರಾವಾಹಿ ನಾವಿರುವ ದೇಶದಲ್ಲಿ ಆ ಹೊತ್ತಿಗೆ ಬರುತ್ತಿತ್ತು. ತಂಗಿಯದು ಅದರಲ್ಲಿ ಅಡುಗೆಯವಳ ಪಾತ್ರ. ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ತಟ್ಟೆ ಹಿಡಿದು ಬಂದು, ಕಾಫಿ ಇಟ್ಟು, "ಆಯ್ತು ಅಮ್ಮಾವ್ರೇ" ಎಂದು ಬೆನ್ನು ತಿರುಗಿಸಿ ಹೋಗುವುದು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ನಿಮಿಷ. ಆ ಅರ್ಧ ನಿಮಿಷಕ್ಕಾಗಿ ಉಳಿದ ಅಳು, ವಿಷದ ಬಾಟಲಿ, ಆಸ್ತಿ ಕಾಗದ ಎಲ್ಲವನ್ನೂ ನಾನು ಸಹಿಸಿಕೊಳ್ಳುತ್ತಿದ್ದೆ.

ಫೋನಿನಲ್ಲೇ ಟಿವಿ ನೋಡುವ ಕಾಲ ಆಗ ಇನ್ನೂ ಬಂದಿರಲಿಲ್ಲ. ಅಂಗಡಿಯ ಹಿಂಗೋಡೆಗೆ ಹೊಡೆದ ಡಿಶ್ಶು ಆಕಾಶದಿಂದ ಏನು ಹಿಡಿದುಕೊಡುತ್ತದೋ ಅಷ್ಟೇ ನಮ್ಮ ಪಾಲಿಗೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಕಾಲು ಮೊಟಕು ಮಾಡಲು ಬಂದ ಪ್ಯಾಂಟುಗಳ ರಾಶಿ. ಹಿಂದಿನ ಕೋಣೆಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ನಿಲುಗನ್ನಡಿ, ಒಂದು ಸೋಫಾ, ಗೋಡೆಯಗಲದ ಟಿವಿ. ಮೂರೂವರೆಗೆ ಬಂದ ಗಿರಾಕಿ ನಾಲ್ಕರವರೆಗೆ ಕಾಯಬೇಕು. ಬೀದಿಯವರಿಗೆಲ್ಲ ಅದು ಗೊತ್ತಿತ್ತು.

ತಂಗಿಗೂ ನನಗೂ ಮಾತಿಲ್ಲದೆ ಐದು ವರ್ಷವಾಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ನಾನು ಹದಿನಾರನೇ ವಯಸ್ಸಿನಿಂದ ಯಂತ್ರ ತುಳಿದವಳು. ಅವಳ ಲಂಗದಿಂದ ಹಿಡಿದು ಕಾಲೇಜಿಗೆ ಉಟ್ಟ ಸೀರೆಯ ಬ್ಲೌಸಿನವರೆಗೆ ಎಲ್ಲವನ್ನೂ ನಾನೇ ಹೊಲಿದಿದ್ದೆ. ಅಂಥವಳು ತನ್ನ ಮದುವೆಯ ಬ್ಲೌಸನ್ನು ಯಾವುದೋ ಗಾಜಿನ ಬಾಗಿಲಿನ ಅಂಗಡಿಗೆ ಕೊಟ್ಟಳು. ನಾನು ವಿಮಾನ ಹತ್ತಿ ಹೋಗಿ ನೋಡಿದರೆ ಭುಜ ಒಂದು ಕಡೆ, ತೋಳು ಒಂದು ಕಡೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಗಂಡಿನ ಕಡೆಯವರ ಮುಂದೆಯೇ, "ದಿಂಬಿಗೆ ಗೌಸು ಹಾಕಿದ ಹಾಗಿದೆ" ಎಂದುಬಿಟ್ಟೆ. ಅವಳು ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಳು. ನಾನೇನು ಕಡಿಮೆಯೇ, ನಾನೂ ಬಿಟ್ಟೆ. ಅಮ್ಮ ಕೆಲವು ತಿಂಗಳು ಇಬ್ಬರ ನಡುವೆ ಸುದ್ದಿ ಸಾಗಿಸಿದಳು. ಆಮೇಲೆ ಅವಳಿಗೂ ರೋಸಿಹೋಯಿತು. "ನಿಮ್ಮಿಬ್ಬರ ಟಪಾಲು ಹೊರೋಕೆ ನನ್ನಿಂದ ಆಗಲ್ಲ. ಅವಳ ವಿಷಯ ಬೇಕಿದ್ರೆ ಅವಳನ್ನೇ ಕೇಳ್ಕೋ" ಎಂದು ಹೇಳಿ, ಫೋನಿನಲ್ಲಿ ತಂಗಿಯ ಹೆಸರು ಬಂದರೆ ಸಾಕು, ಹವಾಮಾನಕ್ಕೆ ಜಿಗಿಯುತ್ತಿದ್ದಳು.

ಹೀಗಿರುವಾಗ ಟಿವಿಯೇ ನನಗೆ ಟಪಾಲು. ಅವಳಿಗೆ ನೆಗಡಿಯಾದದ್ದು, ಮೂಗುತಿ ಬದಲಾಯಿಸಿದ್ದು, ಕೂದಲು ಕತ್ತರಿಸಿಕೊಂಡದ್ದು, ಎಲ್ಲವೂ ನನಗೆ ತಿಳಿಯುತ್ತಿತ್ತು. ಇನ್ನೊಂದೂ ತಿಳಿಯುತ್ತಿತ್ತು. ಧಾರಾವಾಹಿಗಳಲ್ಲಿ ಸಣ್ಣ ಪಾತ್ರದವರು ತಮ್ಮ ಬಟ್ಟೆ ತಾವೇ ತರಬೇಕು. ಇವಳು ನಾಲ್ಕೇ ಬ್ಲೌಸುಗಳನ್ನು ಸರದಿಯಲ್ಲಿ ಹಾಕುತ್ತಿದ್ದಳು. ಒಂದು ದಿನ ಬೆನ್ನು ತಿರುಗಿಸುವಾಗ ನೋಡಿದೆ, ಹಸಿರು ಬ್ಲೌಸಿನ ಕಂಕುಳ ಹೊಲಿಗೆ ಬಿಟ್ಟಿತ್ತು. ಅದನ್ನು ಬಿಳಿ ದಾರದಲ್ಲಿ ಕೂಡಿಸಿದ್ದಳು. ಹಸಿರಿಗೆ ಬಿಳಿ ದಾರ. ಅಂದು ಸಂಜೆ ನನಗೆ ಊಟ ಸೇರಲಿಲ್ಲ.

ಅದೇ ವಾರ ಟಿವಿಯ ಕೆಳಗಡೆ ಒಂದು ಪಟ್ಟಿ ಓಡತೊಡಗಿತು. ಒಂದನೇ ತಾರೀಖಿನಿಂದ ನಮ್ಮ ಚಾನೆಲ್ ಹೊಸ ಉಪಗ್ರಹದಲ್ಲಿ ಲಭ್ಯ, ವೀಕ್ಷಕರು ಸಹಕರಿಸಬೇಕು ಅಂತ. ಬೆಳಗಿನ ಪಾಳಿ ಮುಗಿಸಿ ದಿನಾ ಧಾರಾವಾಹಿಗೆ ಬರುವ ನರ್ಸಮ್ಮ ಅದನ್ನು ಮೊದಲು ಓದಿದಳು.

"ಸಹಕರಿಸಿ ಅಂದ್ರೆ ಏನಕ್ಕ ಮಾಡ್ಬೇಕು ನಾವು?"

"ನಾವು ಆಸ್ಪತ್ರೆಗೆ ಹೋದ್ರೆ ನೀನೂ ಹಾಗೇ ಅಲ್ವಾ ಅನ್ನೋದು? ಸಹಕರಿಸಿ ಅಂದ್ರೆ ನೋವಾಗುತ್ತೆ ಅಂತ ಅರ್ಥ" ಎಂದೆ.

ಡಿಶ್ಶಣ್ಣನನ್ನು ಕರೆಸಿದೆವು. ನಮ್ಮ ಕಡೆಯವನೇ. ಊರು ಬಿಟ್ಟು ಬಂದವರ ಮನೆಗಳಿಗೆಲ್ಲ ಡಿಶ್ಶು ಕೂರಿಸುವುದು ಅವನ ಕೆಲಸ. ಹಿಂಗೋಡೆಯ ಕಡೆ ಒಮ್ಮೆ ನೋಡಿ ಡಾಕ್ಟರಂತೆ ತಲೆಯಾಡಿಸಿದ.

"ಬೀದಿ ದೀಪ ಅಂದ್ಕೊಳ್ಳಿ ಅಕ್ಕ. ಹಳೇದರ ಬೆಳಕು ನಮ್ಮ ತಲೆ ಮೇಲೇ ಬೀಳ್ತಿತ್ತು. ಹೊಸದು ಊರ ಕಡೆ ಮುಖ ಮಾಡಿದೆ. ನಾವು ಬೆಳಕಿನ ಅಂಚಿಗೆ ಬರ್ತೀವಿ. ಅಂಚಲ್ಲಿ ಕೂತು ಓದಬೇಕು ಅಂದ್ರೆ ದೊಡ್ಡ ಡಿಶ್ಶೇ ಬೇಕು."

"ಎಷ್ಟು ದೊಡ್ಡದು?"

"ಈಗಿರೋದು ಸಾರಿನ ಪಾತ್ರೆ ಮುಚ್ಚಳ. ಬೇಕಾಗಿರೋದು ಮದುವೆ ಮನೆ ಅನ್ನದ ಕೊಪ್ಪರಿಗೆ."

ಅಷ್ಟು ದೊಡ್ಡದು ಈ ಊರಿನ ಅಂಗಡಿಗಳಲ್ಲಿ ಈಗ ಸಿಗುವುದಿಲ್ಲವಂತೆ. ಒಂದನೇ ತಾರೀಖಿಗೆ ಹನ್ನೆರಡು ದಿನವಿತ್ತು.

ನನಗೆ ಆಗ ಹೊಳೆದದ್ದು ಒಂದೇ. ಅವಳು ಕಣ್ಣಿಂದ ಮರೆಯಾಗುವ ಮೊದಲು ಒಂದು ಬ್ಲೌಸ್ ಹೊಲಿದು ಕಳಿಸಬೇಕು. ಮೆಣಸಿನಕಾಯಿ ಬಣ್ಣದ ರೇಷ್ಮೆ ಬಟ್ಟೆ ಪೆಟ್ಟಿಗೆಯಲ್ಲಿತ್ತು. ಇಲ್ಲದಿದ್ದದ್ದು ಅಳತೆ. ಐದು ವರ್ಷದ ಹಿಂದಿನ ಅಳತೆ ಈಗ ನಡೆಯುವುದಿಲ್ಲ ಎನ್ನುವುದು ಟಿವಿ ನೋಡಿದರೇ ಗೊತ್ತಾಗುತ್ತಿತ್ತು. ಹುಡುಗಿ ಎರಡು ಕಡೆಗೂ ಚೆನ್ನಾಗಿ ತುಂಬಿಕೊಂಡಿದ್ದಳು. ಗಿರಾಕಿ ಅಳತೆಯ ಬ್ಲೌಸ್ ತಾರದಿದ್ದರೆ ನಾನು ಕತ್ತರಿ ಮುಟ್ಟುವವಳಲ್ಲ. ಆದರೆ ಈ ಗಿರಾಕಿಯನ್ನು ಕೇಳುವ ಹಾಗಿಲ್ಲ.

ಹಾಗಾಗಿ ಟಿವಿಯಲ್ಲೇ ಅಳತೆ ತೆಗೆದೆ. ತಂಗಿಯ ಎತ್ತರ ನನ್ನದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಾಗ ತಲೆಯಿಂದ ಕಾಲಿನವರೆಗೆ ಕಾಣುತ್ತಿದ್ದಳು. ಆ ಎತ್ತರವನ್ನು ಗಾಜಿನ ಮೇಲೆ ಅಳೆದು ನನ್ನ ಎತ್ತರದ ಜೊತೆ ಹೋಲಿಸಿದರೆ, ಗಾಜಿನ ಮೇಲಿನ ಒಂದು ಇಂಚು ಅವಳ ಮೈಮೇಲೆ ನಾಲ್ಕು ಇಂಚು. ಇನ್ನುಳಿದದ್ದು ಬರೀ ಗುಣಾಕಾರ. ತೊಂದರೆಯೆಂದರೆ ಅವಳು ಒಂದು ಗಳಿಗೆಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಮೊದಲ ದಿನ ಎತ್ತರ ಸಿಕ್ಕಿತು. ಎರಡನೇ ದಿನ ಟೇಪು ಹಿಡಿದು ಟಿವಿಗೆ ಮೂಗು ತಾಗಿಸಿ ಕೂತೆ, ಭುಜ ಸಿಕ್ಕಿತು. ಮೂರನೇ ದಿನ ಬೆನ್ನು ಅಳೆಯುವಷ್ಟರಲ್ಲಿ ಯಜಮಾನಿ ಪಾತ್ರದವಳು ಅಡ್ಡ ಬಂದಳು.

"ಅಮ್ಮಾ ತಾಯಿ, ಸ್ವಲ್ಪ ಸರಿ" ಎಂದು ನಾನು ಬೈದರೆ, ಬಸ್ ಚಾಲಕನ ಸಮವಸ್ತ್ರದಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ ನಮ್ಮ ಯಜಮಾನರು, "ಟಿಕೆಟ್ ಇಲ್ಲದವರನ್ನ ಕೆಳಗಿಳಿಸ್ಲಾ?" ಎಂದರು.

ನಾಲ್ಕನೇ ದಿನಕ್ಕೆ ಎಲ್ಲ ಅಳತೆಯೂ ಕೂಡಿತು. ಎದೆ ಸುತ್ತಳತೆ ನೋಡಿ ನನಗೇ ಗಾಬರಿ. ಟಿವಿಯಲ್ಲಿ ಎಲ್ಲರೂ ಸ್ವಲ್ಪ ದಪ್ಪ ಕಾಣುತ್ತಾರೆ ಎಂದು ಕೇಳಿದ್ದೆ. ಹಾಗಾಗಿ ಎರಡು ಇಂಚು ಕಳೆದು ಕತ್ತರಿ ಹಾಕಿದೆ. ನನ್ನ ಕೈಯ ಹೊಲಿಗೆಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ತೋಳಿನ ಅಂಚಿಗೆ ಕೈಹೊಲಿಗೆ, ಕಂಕುಳಿಗೆ ಜೋಡಿ ಹೊಲಿಗೆ, ದಾರ ಬಟ್ಟೆಯದೇ ಬಣ್ಣ. ಪೊಟ್ಟಣ ಕಟ್ಟುವಾಗ ಯಜಮಾನರು ಕೇಳಿದರು.

"ಒಳಗೆ ಒಂದು ಸಾಲು ಬರೀಬಾರದಾ?"

"ಹೊಲಿಗೆ ನೋಡಿದ್ರೆ ಯಾರದ್ದು ಅಂತ ಅವಳಿಗೆ ಗೊತ್ತಾಗುತ್ತೆ."

"ಗೊತ್ತಾದ್ಮೇಲೆ?"

"ಟಿವಿಯಲ್ಲಿ ಹಾಕ್ಕೊಂಡ್ರೆ ರಾಜಿ. ಹಾಕ್ಕೊಳ್ಳದಿದ್ರೆ ಇಲ್ಲ. ಆಮೇಲೆ ನಾನೂ ಆಸೆ ಬಿಡ್ತೀನಿ."

"ಹಾಕ್ಕೊಂಡ್ಳು ಅಂತ ನಿನಗೆ ಹೆಂಗೆ ಗೊತ್ತಾಗ್ಬೇಕು? ಪೊಟ್ಟಣ ಊರು ಸೇರೋ ಹೊತ್ತಿಗೆ ಇಲ್ಲಿ ಚಾನೆಲ್ಲೇ ಇರಲ್ಲ."

ನಾನು ದಾರದ ಗಂಟು ಬಿಗಿದೆ. ಹೊಲಿಗೆಯ ಸಡಗರದಲ್ಲಿ ಈ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ. ಪೊಟ್ಟಣ ಹೋಯಿತು. ಒಂದನೇ ತಾರೀಖು ಮೂರೂವರೆಗೆ ಟಿವಿ ಹಾಕಿದರೆ ನೀಲಿ ಪರದೆ, ಅದರ ಮಧ್ಯೆ "ಸಿಗ್ನಲ್ ಇಲ್ಲ" ಎಂಬ ಪೆಟ್ಟಿಗೆ. ನರ್ಸಮ್ಮ ಅಭ್ಯಾಸಬಲದಿಂದ ಅರ್ಧ ಗಂಟೆ ಅದನ್ನೇ ನೋಡಿ ಎದ್ದುಹೋದಳು.

ಆಮೇಲಿನ ವಾರ ನಮ್ಮ ಯಜಮಾನರು ಮಾಡಿದ ಕೆಲಸವನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಮನುಷ್ಯ ಧಾರಾವಾಹಿಯನ್ನು ಒಂದು ದಿನವೂ ಕೂತು ನೋಡಿದವರಲ್ಲ. ಅವರ ಬಸ್ ಡಿಪೋದಲ್ಲಿ, ಬಸ್ಸು ತೊಳೆಯುವ ಜಾಗದ ಹಿಂದೆ, ಚಾಲಕರ ವಿಶ್ರಾಂತಿ ಕೋಣೆಯ ಹಳೇ ಡಿಶ್ಶೊಂದು ಮಳೆನೀರು ತುಂಬಿಕೊಂಡು ಬಿದ್ದಿತ್ತು. ಇಬ್ಬರು ಕೈ ಚಾಚಿದರೂ ಅಂಚು ಸಿಗದಷ್ಟು ದೊಡ್ಡದು. ಮೇಲಧಿಕಾರಿಯನ್ನು ಕೇಳಿದರೆ, "ಒಯ್ದರೆ ನಿನಗೇ ಪುಣ್ಯ" ಎಂಬರ್ಥದ ಮಾತು ಹೇಳಿದರಂತೆ. ಡಿಶ್ಶಣ್ಣನ ವ್ಯಾನಿನ ತಲೆ ಮೇಲೆ ಅದನ್ನು ಕವುಚಿ ಹಾಕಿ ತಂದರು. ಬೀದಿಯಲ್ಲಿ ಬರುವಾಗ ವ್ಯಾನು ಕೊಡೆ ಹಿಡಿದು ನಡೆದ ಹಾಗಿತ್ತು.

ನಮ್ಮ ಕಟ್ಟಡದ ತಾರಸಿಗೆ ಯಾರೂ ಏನನ್ನೂ ಏರಿಸುವಂತಿಲ್ಲ. ಕಟ್ಟಡ ನೋಡಿಕೊಳ್ಳುವವನು ಆ ವಿಷಯದಲ್ಲಿ ಕಬ್ಬಿಣ. ಆದರೆ ಅವನ ಸಮವಸ್ತ್ರದ ಪ್ಯಾಂಟಿನ ಸೊಂಟವನ್ನು ನಾನು ಎರಡು ವರ್ಷದಲ್ಲಿ ಮೂರು ಸಲ ಸಡಿಲ ಮಾಡಿದ್ದೆ, ಅವನ ಹೆಂಡತಿಗೂ ತಿಳಿಯದ ಹಾಗೆ. ನಾನು ಬಾಗಿಲಲ್ಲಿ ನಿಂತು ಕೇಳಿದೆ ಅಷ್ಟೇ. ಅವನು ನನ್ನ ಮುಖ ನೋಡಿದ, ಪ್ಯಾಂಟು ಮೇಲೆಳೆದುಕೊಂಡ, ಬೀಗದ ಕೈ ಕೊಟ್ಟ.

ಭಾನುವಾರ ಬೆಳಗ್ಗೆ ಡಿಶ್ಶಣ್ಣ ತಾರಸಿಯ ಮೇಲೆ, ಯಜಮಾನರು ಮೆಟ್ಟಿಲ ನಡುವೆ, ನರ್ಸಮ್ಮ ಅಂಗಡಿ ಬಾಗಿಲಲ್ಲಿ, ನಾನು ಟಿವಿಯ ಮುಂದೆ. ಮೇಲಿನಿಂದ "ಬಂತಾ?" ಎಂಬ ಕೂಗು ಮೂರು ಬಾಯಿ ದಾಟಿ ಕೆಳಗೆ ಬರುತ್ತಿತ್ತು, "ಇಲ್ಲ" ಎಂಬುದು ಮೂರು ಬಾಯಿ ದಾಟಿ ಮೇಲೆ ಹೋಗುತ್ತಿತ್ತು. ಎರಡು ಗಂಟೆ ಹೀಗೇ ನಡೆಯಿತು. ಕೊನೆಗೆ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಚೆಲ್ಲಾಡಿದವು, ಒಂದಕ್ಕೊಂದು ಅಂಟಿಕೊಂಡವು, ಯಾರೋ ಬೆಂಡೆಕಾಯಿ ಹೆಚ್ಚುತ್ತಾ ಕನ್ನಡ ಮಾತಾಡಿದರು.

"ಅಲ್ಲಾಡಬೇಡ ಅನ್ನಿ ಅವನಿಗೆ" ಎಂದೆ. ಅದೂ ಮೂರು ಬಾಯಿ ದಾಟಿ ಮೇಲೆ ಹೋಯಿತು.

ಡಿಶ್ಶಣ್ಣ ಬೆವರು ಒರೆಸಿಕೊಂಡು ಕೆಳಗೆ ಬಂದ. ಟಿವಿಯನ್ನು ಒಂದು ಕ್ಷಣ ನೋಡಿ ಹುಬ್ಬು ಗಂಟಿಕ್ಕಿದ. ನನ್ನ ಕೈಯಿಂದ ರಿಮೋಟು ತೆಗೆದುಕೊಂಡು ಏನೋ ಒತ್ತಿದ. ಪರದೆಯ ಎರಡು ಬದಿಗೂ ಕಪ್ಪು ಪಟ್ಟಿ ಬಂದು, ಬೆಂಡೆಕಾಯಿ ಹೆಚ್ಚುತ್ತಿದ್ದ ದಪ್ಪ ಹೆಂಗಸು ಕಣ್ಣೆದುರೇ ತೆಳ್ಳಗಾದಳು.

"ಇದೇನಪ್ಪಾ ಮಾಡಿದೆ?" ಎಂದಳು ನರ್ಸಮ್ಮ.

"ಸರಿ ಮಾಡ್ದೆ. ನಿಮ್ಮ ಟಿವಿ ಅಗಲ, ಚಾನೆಲ್ಲಿನ ಚಿತ್ರ ಅಗಲ ಇಲ್ಲ. ಇಷ್ಟು ದಿನ ಅದನ್ನ ಅಡ್ಡಡ್ಡ ಎಳೆದು ತುಂಬಿಸ್ತಿತ್ತು. ಮೂರಿದ್ದದ್ದು ನಾಲ್ಕಾಗಿ ಕಾಣ್ತಿತ್ತು. ಯಾರೂ ನೋಡ್ಲಿಲ್ವಾ? ಕಾರಿನ ಚಕ್ರ ಎಲ್ಲ ಮೊಟ್ಟೆ ಥರ ಇರ್ಬೇಕಲ್ಲ."

ಎಲ್ಲರೂ ನಮ್ಮ ಯಜಮಾನರ ಕಡೆ ನೋಡಿದೆವು. ಇಪ್ಪತ್ತು ವರ್ಷದಿಂದ ಚಕ್ರದ ಮೇಲೆ ಬದುಕಿದವರು ಅವರು.

"ನಾನು ನೋಡ್ತಾ ಇದ್ದದ್ದು ಇವಳನ್ನ. ಟೇಪು ಹಿಡ್ಕೊಂಡು ಟಿವಿ ಜೊತೆ ಜಗಳ ಆಡೋವಾಗ ಚಕ್ರ ಯಾರು ನೋಡ್ತಾರೆ" ಎಂದರು.

ನರ್ಸಮ್ಮ ನಕ್ಕಳು, ಡಿಶ್ಶಣ್ಣನೂ ನಕ್ಕ. ನಾನು ಸೋಫಾದಲ್ಲಿ ಕುಸಿದೆ. ಮೂರಿದ್ದದ್ದು ನಾಲ್ಕು. ಎತ್ತರ ಸರಿ, ಅಗಲ ತಪ್ಪು. ನಾನು ಜಾಣತನದಿಂದ ಕಳೆದ ಎರಡು ಇಂಚು ಯಾವ ಮೂಲೆಗೂ ಸಾಲದು. ಆ ಬ್ಲೌಸಿನೊಳಗೆ ನನ್ನ ತಂಗಿಯ ಜೊತೆ ಇನ್ನೂ ಅರ್ಧ ತಂಗಿ ಹಿಡಿಯುತ್ತಾಳೆ.

"ರೀ, ಅವಳು ಏನಂದ್ಕೋತಾಳೆ ಹೇಳಿ" ಎಂದೆ. "ಐದು ವರ್ಷ ಮಾತಾಡದ ಅಕ್ಕ, ಕಾಗದ ಇಲ್ಲ ಏನಿಲ್ಲ, ಒಂದು ಡೇರೆ ಹೊಲಿದು ಕಳಿಸಿದಾಳೆ. ನೀನು ಹಿಂಗಾಗಿದೀಯ ಅಂತ ಆಡಿಕೊಂಡ ಹಾಗಲ್ವಾ?"

ಈ ಸಲ ಅವರೂ ನಗಲಿಲ್ಲ. "ಫೋನ್ ಮಾಡು" ಎಂದರು.

"ಏನಂತ?"

"ತಪ್ಪಾಯ್ತು ಅಂತ."

"ಅಳತೆ ತಪ್ಪಾಯ್ತು ಅಂತಾನಾ, ಮದುವೆ ದಿನದ್ದು ತಪ್ಪಾಯ್ತು ಅಂತಾನಾ?"

"ಎರಡಕ್ಕೂ ಸೇರಿಸಿ ಒಂದೇ ಸಲ ಹೇಳು. ಫೋನ್ ಖರ್ಚು ಉಳಿಯುತ್ತೆ."

ಆ ದಿನ ಮೂರು ಸಲ ಫೋನ್ ಎತ್ತಿದೆ. ಮೂರು ಸಲವೂ ಅಂಕಿಗಳನ್ನು ಕೊನೆಯವರೆಗೆ ಒತ್ತಲಾಗಲಿಲ್ಲ. ತಪ್ಪು ಹೊಲಿಗೆ ಬಿಚ್ಚುವುದು ನನಗೆ ಗೊತ್ತು, ಸಣ್ಣ ಕತ್ತರಿ ಸಾಕು. ಆಡಿದ ಮಾತನ್ನು ಹೇಗೆ ಬಿಚ್ಚುವುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಮಾರನೆಯ ದಿನ ಮೂರೂವರೆಗೆ ತಂಗಿ ಬಂದಳು. ತೆಳ್ಳಗೆ, ಕಾಲೇಜಿನ ಕಾಲದಲ್ಲಿ ಇದ್ದ ಹಾಗೆಯೇ. ಹಸಿರು ಬ್ಲೌಸು, ಬಿಳಿ ದಾರ. ಅದರ ಮಾರನೆಯ ದಿನ ನೀಲಿ. ಆಮೇಲೆ ಹಳದಿ. ಪೊಟ್ಟಣ ತಲುಪಿ ಎಷ್ಟೋ ದಿನವಾಗಿರಬೇಕು. ನರ್ಸಮ್ಮ ಸಮಾಧಾನ ಹೇಳಿದಳು.

"ಇವ್ರು ಇವತ್ತು ತೋರ್ಸೋದನ್ನ ಎರಡು ವಾರ ಮೊದ್ಲೇ ಶೂಟಿಂಗ್ ಮಾಡಿರ್ತಾರಂತೆ ಅಕ್ಕ. ರಿಪೋರ್ಟ್ ಬರೋದು ಯಾವತ್ತೂ ನಿಧಾನ."

ಎರಡು ವಾರ ದಾಟಿತು. ಗಿರಾಕಿಯ ಕೋಟಿಗೆ ಗುಂಡಿಯನ್ನು ತಲೆಕೆಳಗಾಗಿ ಹಾಕಿದೆ. ಒಂದು ಪ್ಯಾಂಟಿನ ಬಲಗಾಲು ಮಾತ್ರ ಮೊಟಕು ಮಾಡಿ ಕೊಟ್ಟೆ. ಆ ಮನುಷ್ಯ ಹಾಕಿ ನೋಡಿ, ತನ್ನ ಕಾಲೇ ಹೀಗಾಯಿತೇನೋ ಎಂದು ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದ.

ಹದಿನೆಂಟನೇ ದಿನ ಗುರುವಾರ. ಅಡುಗೆಮನೆಯ ಬಾಗಿಲಲ್ಲಿ ಮೆಣಸಿನಕಾಯಿ ಬಣ್ಣ ಕಂಡಿತು.

ನರ್ಸಮ್ಮ ನನ್ನ ತೊಡೆ ಹಿಂಡಿದಳು. ಹಾಕಿಕೊಂಡಿದ್ದಳು. ಅಷ್ಟೇ ಅಲ್ಲ, ಎದೆ, ಭುಜ, ತೋಳು ಎಲ್ಲವೂ ಅಚ್ಚಿನಲ್ಲಿ ಎರೆದ ಹಾಗೆ ಕೂತಿದ್ದವು. ಇದು ಹೇಗೆ ಸಾಧ್ಯವೆಂದು ನಾನು ಕಣ್ಣು ಕಿರಿದು ಮಾಡಿ ನೋಡಿದೆ. ತಂಗಿ ಬಂದಳು, ಕಾಫಿ ಇಟ್ಟಳು, "ಆಯ್ತು ಅಮ್ಮಾವ್ರೇ" ಎಂದಳು. ಆಮೇಲೆ ತಿರುಗಲಿಲ್ಲ. ಯಜಮಾನಿಯ ಕಡೆಗೇ ಮುಖವಿಟ್ಟುಕೊಂಡು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಸೋಫಾದ ಮೂಲೆ ಬಳಸಿ, ಬಾಗಿಲ ಚೌಕಟ್ಟನ್ನು ಹಿಂಗೈಯಿಂದ ತಡವಿ ಹುಡುಕಿ, ಹಾಗೇ ಒಳಗೆ ಮಾಯವಾದಳು.

"ಇವಳ್ಯಾಕೆ ಬಸ್ಸು ರಿವರ್ಸ್ ತಗೊಂಡ ಹಾಗೆ ಹೋದ್ಲು?" ಎಂದರು ನಮ್ಮ ಯಜಮಾನರು.

ನನಗೆ ಮಾತ್ರ ಗೊತ್ತಿತ್ತು. ಬೆನ್ನ ಹಿಂದೆ ಆ ಸಡಿಲವನ್ನೆಲ್ಲ ಒಟ್ಟುಗೂಡಿಸಿ ಪಿನ್ನು ಚುಚ್ಚಿದ್ದಳು. ಮುಂದೆ ಅಷ್ಟು ನೀಟಾಗಿ ಕೂರಬೇಕಾದರೆ ಹಿಂದೆ ಹತ್ತಾದರೂ ಪಿನ್ನು ಇರಲೇಬೇಕು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡವು. ಅಂಗಡಿಯ ಫೋನ್ ಎತ್ತಿ ಅಂಕಿಗಳನ್ನು ಕೊನೆಯವರೆಗೂ ಒತ್ತಿದೆ.

ಎರಡನೇ ರಿಂಗಿಗೇ ಎತ್ತಿದಳು.

"ನಾನು" ಎಂದೆ.

ಅವಳ ಮನೆಯ ಟಿವಿಯಲ್ಲಿ ಅದೇ ಧಾರಾವಾಹಿಯ ಮುಕ್ತಾಯದ ಹಾಡು ಕೇಳುತ್ತಿತ್ತು.

"ಅಕ್ಕಾ, ಅದನ್ನ ಯಾರಿಗೆ ಅಂತ ಹೊಲಿದೆ? ನಾನೂ ನಮ್ಮತ್ತೆನೂ ಒಟ್ಟಿಗೇ ಹಾಕ್ಕೊಂಡು ನೋಡಿದ್ವಿ. ಇನ್ನೂ ಜಾಗ ಮಿಕ್ಕಿತ್ತು."

"ಟಿವಿಯಲ್ಲಿ ಅಳತೆ ತೆಗೆದೆ ಕಣೇ. ಟಿವಿ ಸರಿ ಇರಲಿಲ್ಲ."

"ಟಿವಿಯಲ್ಲಾ? ಟೇಪು ಹಿಡ್ಕೊಂಡಾ?"

"ಹೂಂ. ನಾಲ್ಕು ದಿನ."

ಅವಳು ನಕ್ಕ ಸದ್ದು ಕೇಳಿ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ನಕ್ಕು ಮುಗಿಸಿ ಹೇಳಿದಳು, "ಪೊಟ್ಟಣ ಬಿಚ್ಚಿದ ದಿನ ಅತ್ತುಬಿಟ್ಟೆ ಅಕ್ಕ. ನನ್ನ ಹಂಗಿಸೋಕೇ ಕಳಿಸಿದಾಳೆ ಅಂತ. ವಾಪಸ್ ಕಳಿಸೋಣ ಅಂತ ಮಡಚೋಕೆ ತಿರುವಿ ಹಾಕಿದೆ. ಒಳಗಡೆ ತೋಳಿನ ಕೈಹೊಲಿಗೆ ಕಾಣಿಸ್ತು. ಹಂಗಿಸೋಕೆ ಯಾರೂ ಅಷ್ಟು ಸಣ್ಣಗೆ ಹೊಲಿಯಲ್ಲ ಅಂತ ಅನ್ನಿಸ್ತು."

ಹೇಳಬೇಕಾದದ್ದನ್ನು ನಾನು ಆಗಲೇ ಹೇಳಿದೆ. "ಮದುವೆ ದಿನ ನಾನು ಹಾಗೆ ಅನ್ನಬಾರದಾಗಿತ್ತು."

"ಅನ್ನಬಾರದಾಗಿತ್ತು" ಎಂದಳು. ಅಷ್ಟಕ್ಕೇ ಬಿಡಲಿಲ್ಲ. "ಬ್ಲೌಸು ಕೆಟ್ಟದಾಗೇ ಇತ್ತು, ಅದು ಬೇರೆ ವಿಷಯ. ನಿನಗೆ ಯಾಕೆ ಕೊಡಲಿಲ್ಲ ಗೊತ್ತಾ? ನೀನು ಬರೋದೇ ನಾಲ್ಕು ದಿನಕ್ಕೆ. ಆ ನಾಲ್ಕು ದಿನನೂ ಯಂತ್ರದ ಮುಂದೆ ಕೂರಿಸಬಾರದು ಅಂತ."

ಅದನ್ನು ಐದು ವರ್ಷ ಮೊದಲೇ ಹೇಳಬಾರದಿತ್ತೇ ಎಂದು ಕೇಳಬೇಕೆನ್ನಿಸಿತು. ನಾನೂ ಐದು ವರ್ಷ ಕೇಳಿರಲಿಲ್ಲವಲ್ಲ.

"ಈಗ ಒಂದು ಪೇಚಾಟ ಆಗಿದೆ ಅಕ್ಕ. ಪಿನ್ನು ಕಾಣುತ್ತೆ ಅಂತ ಹಿಂದೆ ಹಿಂದೆ ನಡೆದೆ ಅಲ್ವಾ, ಡೈರೆಕ್ಟರಿಗೆ ಅದು ತುಂಬಾ ಹಿಡಿಸಿಬಿಡ್ತು. ದೊಡ್ಡೋರಿಗೆ ಬೆನ್ನು ತೋರಿಸದೆ ಹೋಗೋದು ಎಷ್ಟು ಚೆನ್ನಾಗಿದೆ, ಇನ್ಮೇಲೆ ದಿನಾ ಹಾಗೇ ಹೋಗಮ್ಮ ಅಂದ್ರು. ಮೊನ್ನೆ ಹೂದಾನಿ ಬೀಳಿಸಿದೆ."

ಅವಳ ಮಾತನ್ನು ನಾನು ಈ ಕಡೆಯವರಿಗೆ ಹೇಳಿದ್ದೇ ತಡ, ಹಿಂದಿನಿಂದ ನಮ್ಮ ಯಜಮಾನರು, "ಕನ್ನಡಿ ಕಟ್ಟಿಕೋ ಅನ್ನು, ಎಡಕ್ಕೊಂದು ಬಲಕ್ಕೊಂದು" ಎಂದರು.

"ಬಾವನಾ ಅದು? ಅವರ ದನಿ ಬದಲಾಗೇ ಇಲ್ಲ" ಎಂದಳು ತಂಗಿ.

ಮುಂದಿನ ಕೋಣೆಯಲ್ಲಿ ಗಿರಾಕಿಯೊಬ್ಬರು ಬಂದು ಕೆಮ್ಮಿದರು. ನಾಲ್ಕು ಗಂಟೆಯಾಗಿತ್ತು. ನರ್ಸಮ್ಮ ಎದ್ದು ಹೋಗಿ ಅವರಿಗೆ ಸಹಕರಿಸಲು ಹೇಳಿದಳು. ನಾನು ಸೀಮೆಸುಣ್ಣದ ಪಕ್ಕದಲ್ಲಿದ್ದ ಪುಸ್ತಕ ಎಳೆದುಕೊಂಡು ಹೊಸ ಹಾಳೆ ತಿರುವಿದೆ.

"ಮನೇಲಿ ಟೇಪು ಇದೆಯಾ?"

"ಇದೆ."

"ತಗೋ. ಮೊದಲು ಭುಜ."

ಭುಜ ಹೇಳಿದಳು, ಬರೆದೆ. ತೋಳು, ಬೆನ್ನು, ಕೊರಳು ಹೇಳಿದಳು. ಎದೆ ಸುತ್ತಳತೆ ಹೇಳಿದಾಗ ಪೆನ್ನು ನಿಲ್ಲಿಸಿದೆ. ಗಿರಾಕಿಗಳ ಜೊತೆ ಇಪ್ಪತ್ತೈದು ವರ್ಷ ಕಳೆದವಳು ನಾನು.

"ಉಸಿರು ಬಿಡು" ಎಂದೆ.

"ಬಿಟ್ಟಿದೀನಿ."

"ಇನ್ನೂ ಬಿಡು."

ಆ ಕಡೆಯಿಂದ ಉದ್ದಕ್ಕೆ ಒಂದು ಉಸಿರು ಕೇಳಿಸಿತು. ಆಮೇಲೆ ಅವಳು ಸಣ್ಣ ದನಿಯಲ್ಲಿ ಇನ್ನೊಂದೂವರೆ ಇಂಚು ಸೇರಿಸಿ ಹೇಳಿದಳು. ನಾನು ಬರೆದುಕೊಂಡೆ.